ಕೆಮ್ಮಣ್ಣಿನ ಗುರುತು

ರಾತ್ರಿ ಹತ್ತೂವರೆಗೆ ಕೊನೆಯ ರೋಗಿ ಎದ್ದು ಹೋದ ಮೇಲೆ
ಹುಬ್ಬಳ್ಳಿಯ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಎಂಆರ್‌ಐ ಯಂತ್ರ ನಮ್ಮದು, ಎರಡು ತಾಸು.
ಧಾರವಾಡದಿಂದ ಟವೆಲ್ ಹೊದಿಸಿ ತಂದ ಡಬ್ಬಿಯಲ್ಲಿ
ಆರು ಬಿಳಿ ಇಲಿ.
ಉಣಕಲ್ ಕೆರೆ ದಾಟುವಾಗ ಒಂದು ಸೀನಿತ್ತು.

ನದಾಫಣ್ಣ ಎಂದಿನಂತೆ ಕೇಳುತ್ತಾನೆ:
"ಪಿನ್ನು? ಕೀಲಿಕೈ? ಕೊಳ್ಳಾಗಿನ ತಾಯತ?"
"ಏನಿಲ್ಲಣ್ಣ, ಕಬ್ಬಿಣ ಇರೋದು ಇಲಿ ಹೊಟ್ಟ್ಯಾಗ."
ಪ್ರತಿ ವಾರ ಇದೇ ಚೇಷ್ಟೆ.
ಪ್ರತಿ ವಾರ ನಗುತ್ತಾನೆ, ಪುಣ್ಯಾತ್ಮ.

ಪೂರ್ತಿ ಸುಳ್ಳೂ ಅಲ್ಲ.
ಇಲಿಯ ಕಾವಲು ಕೋಶಗಳನ್ನು ಹೊರತೆಗೆದು
ಗಡ್ಡೆಯ ಮುಖಪರಿಚಯ ಮಾಡಿಸಿ
ತುಕ್ಕಿನ ಹರಳು ಉಣಿಸಿ
ಮತ್ತೆ ಮೈಗೆ ಬಿಟ್ಟಿದ್ದೇವೆ ಸೋಮವಾರ.
ಒಂದು ಕೂದಲೆಳೆಯ ಅಗಲದಲ್ಲಿ
ಸಾವಿರ ಹರಳು ಸಾಲಾಗಿ ನಿಂತಾವು, ಅಷ್ಟು ಸಣ್ಣ.
ಅವು ಇದ್ದಲ್ಲಿ ಯಂತ್ರದ ದನಿ ಮುಗ್ಗರಿಸುತ್ತದೆ,
ಚಿತ್ರದಲ್ಲಿ ಅಷ್ಟು ಜಾಗ ಕಪ್ಪು.

ಪ್ರಬಂಧಗಳಲ್ಲಿ ಎಲ್ಲರೂ ಸೈನಿಕರು ಅಂತ ಬರೆಯುತ್ತಾರೆ.
ನನಗೆ ಕುರಿ ಕಾಣುತ್ತವೆ.

ಅಪ್ಪ, ಗುಡದಪ್ಪ, ಕಪ್ಪತಗುಡ್ಡದ ಬೆನ್ನಿಗೆ
ಮೂರು ಹಿಂಡು ಒಂದೇ ಹೊಲದಲ್ಲಿ ತಂಗುವ ರಾತ್ರಿ
ಕೆಮ್ಮಣ್ಣು ಕಲಸಿ ನಮ್ಮ ಕುರಿಗಳ ಎಡತೊಡೆಗೆ
ಅಂಗೈ ಒತ್ತುತ್ತಾನೆ, ಐದೂ ಬೆರಳು ಮೂಡುವ ಹಾಗೆ.
ಅದೂ ತುಕ್ಕೇ.
ಅದು ಮಳೆ ತೇದ ಗುಡ್ಡ,
ಇದು ಗಾಜಿನ ಬುರುಡೆಯಲ್ಲಿ ನಾನು ಕಾಸಿದ್ದು.

ಯಂತ್ರ ಕಲಬತ್ತು ಕುಟ್ಟುತ್ತಿದೆ.
ಮೂರನೆಯ ಇಲಿ.
ಬಲತೊಡೆಯ ಗಡ್ಡೆ ಬೂದಿ ಬಣ್ಣ, ಹುಣಸೆಬೀಜದಷ್ಟು,
ಅದರ ಅಂಚಿನಲ್ಲಿ
ಒಂದು ಕಪ್ಪು ಚುಕ್ಕೆ. ಪಕ್ಕಕ್ಕೆ ಇನ್ನೊಂದು.
ಅಳುವ ಕೂಸಿನ ಗಲ್ಲಕ್ಕೆ
ಅವಸರದಲ್ಲಿ ಇಟ್ಟ ದೃಷ್ಟಿಬೊಟ್ಟಿನ ಹಾಗೆ, ತುಸು ಸೊಟ್ಟ.
"ಮುಟ್ಯಾವ!" ಎಂದು ಚೀರಿದೆ.
ನದಾಫಣ್ಣ ಚಹಾ ಚೆಲ್ಲಿಕೊಂಡ.

ಆಗಲೇ ಅಪ್ಪನಿಗೆ ಫೋನ್.
ಹೊಲದಲ್ಲಿ ಎಚ್ಚರವಾಗಿಯೇ ಇರುತ್ತಾನೆ ಈ ಹೊತ್ತಿಗೆ.
ಎಲ್ಲ ಹೇಳಿದೆ. ಆ ಕಡೆ ಮೊದಲು ಕೆಮ್ಮು, ಆಮೇಲೆ:
"ಗುರುತು ಸಿಕ್ರ ಕುರಿ ಸಿಕ್ಕಂಗ ಏನವಾ?
ಹ್ವಾದ ವರ್ಷ ಹಳ್ಳದ ದಂಡ್ಯಾಗ ನಮ್ಮ ಕೆಮ್ಮಣ್ಣು ಕಾಣ್ತು,
ಓಡಿ ಹ್ವಾದ್ನಿ.
ಬರೇ ತೊಗಲಿತ್ತು.
ತ್ವಾಳ ತಿಂದು ಹೋಗಿ ಎರಡು ದಿನ ಆಗಿತ್ತು,
ಬಣ್ಣ ನೋಡು, ಈಗ ಹಚ್ಚಿದಂಗ."

ಮಾತು ಬರಲಿಲ್ಲ.
ಗೊತ್ತಿಲ್ಲದ್ದಲ್ಲ. ಕೋಶ ಸತ್ತರೆ
ಕಸ ಬಳಿಯುವ ಬೇರೆ ಕೋಶ ಬಂದು ಅದರ ತುಕ್ಕು ನುಂಗಿ
ತಾನೇ ಕಪ್ಪಾಗಿ ಕೂತಿರುತ್ತದೆ ಅಲ್ಲೇ.
ನಾನೇ ಬರೆದಿದ್ದೆ ಒಂದು ಅಡಿಟಿಪ್ಪಣಿಯಲ್ಲಿ,
ಯಾರೂ ಓದದಷ್ಟು ಸಣ್ಣ ಅಕ್ಷರದಲ್ಲಿ.
ಚುಕ್ಕೆ ಹೇಳುವುದು ಎಲ್ಲಿ ಎಂದು.
ಉಸಿರಿದೆಯೇ ಎಂದು ಅದನ್ನು ಕೇಳಬಾರದು.

ಮುಂದಿನ ತಿಂಗಳು ತುಕ್ಕು ಬಿಟ್ಟು ಫ್ಲೋರಿನ್, ಎಂದಿದ್ದಾರೆ ಮೇಡಂ.
ಮೈಯ ಮೆತು ಭಾಗದಲ್ಲಿ ಅದರ ಸದ್ದೇ ಇಲ್ಲ,
ಹಾಗಾಗಿ ನಾವು ಇಟ್ಟಲ್ಲಿ ಮಾತ್ರ ಬೆಳಗುತ್ತದಂತೆ.
ಫ್ಲೋರಿನ್.
ಅಪ್ಪನ ಹಲ್ಲಿನಲ್ಲಿದೆ ಅದು,
ಸಣ್ಣವನಿದ್ದಾಗ ಮುಂಡರಗಿ ಕಡೆಯ ಬಾವಿನೀರು
ಎಳೆದಿಟ್ಟ ಕಂದು ಗೆರೆ.
ಹಲ್ಲಿನಲ್ಲಿ ಬಿಗಿದುಕೊಂಡದ್ದು ಯಂತ್ರಕ್ಕೆ ಕೇಳುವುದಿಲ್ಲ.
ನಕ್ಕರೆ ನಮಗೆ ಕಾಣುತ್ತದೆ.

"ಮತ್ತ ಜೀವಂತ ಐತಿ ಅಂತ ಹೆಂಗ ತಿಳಿಬೇಕಪ್ಪಾ?"
"ಕಿವಿ ಮುಟ್ಟಿ ನೋಡು. ಬಿಸಿ ಇದ್ರ ಐತಿ."

ಮೂರನೆಯ ಇಲಿ ಮತ್ತು ಇಳಿದು ಕಣ್ಣು ಬಿಡುತ್ತಿತ್ತು.
ಕೈಗವಸು ತೆಗೆದೆ, ತೆಗೆಯಬಾರದು,
ಕಿವಿ ಮುಟ್ಟಿದೆ.
ಬೆಚ್ಚಗಿತ್ತು.
ಅದು ಇಲಿಯ ಉತ್ತರ, ಚುಕ್ಕೆಯದಲ್ಲ.
ಡಬ್ಬಿಗೆ ಟವೆಲ್ ಹೊದಿಸಿದೆ.
ಸೋಮವಾರ ಮತ್ತೆ ಗಡ್ಡೆ ಅಳೆಯಬೇಕು.